ಕೆಲಸಕ್ಕೆ ಸೇರಲೋ, ಇನ್ನೊಂದು ವರ್ಷ ಓದಲೋ?

ಮದ್ದೂರಿನ ಹುಡುಗಿ:

ಎಲ್ಲರಿಗೂ ನಮಸ್ಕಾರ. 2024ರಲ್ಲಿ ಬಿ.ಎಸ್ಸಿ. ಮುಗಿಸಿದೆ. ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ಎನ್‌ಇಪಿ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಬಂದ ಮೊದಲ ವರ್ಷ ಕಾಲೇಜಿಗೆ ಸೇರಿದವರು ನಾವು. ಹೊರಗೆ ಬರುವ ಹೊತ್ತಿಗೆ ರಾಜ್ಯದಲ್ಲಿ ಎನ್‌ಇಪಿಯೇ ಹೋಗಿತ್ತು. ಸಂದರ್ಶನಕ್ಕೆ ಹೋದ ಕಡೆಯಲ್ಲೆಲ್ಲ ‘ನಿಮ್ಮದು ಮೂರು ವರ್ಷದ್ದೋ ನಾಲ್ಕು ವರ್ಷದ್ದೋ’ ಎಂಬ ವಿಚಾರಣೆಯಿಂದಲೇ ಮಾತು ಶುರುವಾಗುತ್ತದೆ, ‘ಎರಡು ವರ್ಷ ಅನುಭವ ಇದ್ದರೆ ಬನ್ನಿ’ ಎನ್ನುವಲ್ಲಿಗೆ ಮುಗಿಯುತ್ತದೆ.

ಈಗ ಮೈಸೂರಿನ ಸರಸ್ವತಿಪುರಂನಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡು ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಇಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿತಲ್ಲ, ನಾನು ಪುಸ್ತಕಗಳನ್ನು ಕೊಂಡದ್ದು ಆ ತಿಂಗಳೇ. ಕೆಲಸವಿಲ್ಲದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯ 3,000 ರೂಪಾಯಿ ಬಾಡಿಗೆಯಲ್ಲಿ ನನ್ನ ಪಾಲಿಗೆ ಸರಿಹೋಗುತ್ತದೆ. ಊಟಕ್ಕೆ ಅಪ್ಪನನ್ನು ಕೇಳಬೇಕು. ಅಪ್ಪ, ಕಬ್ಬಿನ ದುಡ್ಡು ಬರಲಿ ತಾಳು ಎನ್ನುತ್ತಾರೆ.

ಕಳೆದ ವಾರ ಒಂದು ಏಜೆನ್ಸಿಯಿಂದ ಕರೆ ಬಂತು. ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬ್. ತಿಂಗಳಿಗೆ 19,000, ಮೂರು ಪಾಳಿ. ಮೂಲ ಅಂಕಪಟ್ಟಿ ಅವರ ಬಳಿಯೇ ಇರಬೇಕಂತೆ, ಸಮವಸ್ತ್ರಕ್ಕೆಂದು ಮುಂಗಡ 3,500 ಕಟ್ಟಬೇಕಂತೆ. ಅಪ್ಪ ಸೇರಿಕೋ ಎನ್ನುತ್ತಾರೆ. ಅಮ್ಮನಿಗೆ ರಾತ್ರಿ ಪಾಳಿ ಎಂದರೆ ಭಯ. ದೊಡ್ಡಪ್ಪನ ಚಿಂತೆ ಬೇರೆ: ‘ಪ್ರೈವೇಟ್ ಕೆಲಸದ ಹುಡುಗಿಯನ್ನು ಯಾವ ಗಂಡಿನ ಕಡೆಯವರು ಒಪ್ಪುತ್ತಾರೆ, ಒಂದು ಎಸ್‌ಡಿಎ (ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ) ಆದರೂ ಆಗಲಿ.’ ನಾಳೆಯೊಳಗೆ ಉತ್ತರ ಹೇಳಬೇಕು. ಏನು ಮಾಡಲಿ?

ಕಾರಂಜಿ ಕೆರೆ:

ಸೇರಿಕೊಳ್ಳಿ. ಕೈಯಲ್ಲಿ ನಾಲ್ಕು ಕಾಸಿದ್ದರೆ ಓದೂ ತಲೆಗೆ ಹತ್ತುತ್ತದೆ.

ಗ್ರಂಥಾಲಯದ ಕೊನೆಯ ಬೆಂಚು:

ಇಷ್ಟು ಸುಲಭವಾಗಿ ‘ಸೇರಿಕೊಳ್ಳಿ’ ಎಂದುಬಿಡಬೇಡಿ. 2025ರ ಆಗಸ್ಟ್‌ನಲ್ಲಿ ಸಂಪುಟ ಒಳಮೀಸಲಾತಿಯ ಹಂಚಿಕೆಯನ್ನು ತೀರ್ಮಾನಿಸಿದೆ. ಇಷ್ಟು ದಿನ ಕಟ್ಟೆ ಹಾಕಿ ನಿಲ್ಲಿಸಿದ್ದ ಹುದ್ದೆಗಳು ಬಿಡುಗಡೆಯಾಗುವ ಹೊತ್ತಿಗೆ ಪುಸ್ತಕ ಮುಚ್ಚಿಟ್ಟು ಲ್ಯಾಬಿನಲ್ಲಿ ನಿಂತಿದ್ದರೆ ಯಾರಿಗೆ ನಷ್ಟ? ಪಾಳಿ ಕೆಲಸ ಮಾಡಿಕೊಂಡು ಓದುತ್ತೇನೆ ಎಂದು ಹೋದ ಇಬ್ಬರು ಗೆಳೆಯರನ್ನು ನೋಡಿದ್ದೇನೆ. ಒಂದು ವಾರ ಬೆಳಿಗ್ಗೆ, ಒಂದು ವಾರ ರಾತ್ರಿ. ನಿದ್ದೆಗೇ ಹೊತ್ತು ಗೊತ್ತಿಲ್ಲದಿದ್ದಾಗ ಭಾರತದ ಸಂವಿಧಾನ ಎಲ್ಲಿಂದ ತಲೆಗೆ ಹೋಗಬೇಕು?

ಇನ್ನೊಂದು ವಿಷಯ. ಕಡ್ಡಾಯ ಕನ್ನಡ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ. 150 ಅಂಕಕ್ಕೆ 50 ತೆಗೆಯಲೇಬೇಕು. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆ ನಡೆಸಿದಾಗಲೂ ಇದೇ ನಿಯಮ. ಮಂಡ್ಯದವರು, ಕನ್ನಡವೇನು ಮಹಾ ಎಂದುಕೊಳ್ಳುತ್ತೇವೆ. ಪ್ರಬಂಧ, ಪತ್ರಲೇಖನ, ಸಂಕ್ಷೇಪ ಲೇಖನ ಬರೆಯಲು ಕುಳಿತಾಗ ಗೊತ್ತಾಗುತ್ತದೆ.

ಕಾರಂಜಿ ಕೆರೆ:

ಕೊನೆಯ ಬೆಂಚಿನವರೇ, ತಾವು ಆ ಬೆಂಚಿನಲ್ಲಿ ಕುಳಿತು ಎಷ್ಟು ವರ್ಷವಾಯಿತು?

ಗ್ರಂಥಾಲಯದ ಕೊನೆಯ ಬೆಂಚು:

ಅದು ನಿಮಗೆ ಬೇಡದ ವಿಷಯ.

ನಿರ್ವಾಹಕರು:

ಇಬ್ಬರೂ ಪ್ರಶ್ನೆ ಕೇಳಿದವರ ವಿಷಯಕ್ಕೆ ಬನ್ನಿ.

ಹೂಟಗಳ್ಳಿ ನೇಮಕಾತಿ:

ಹೂಟಗಳ್ಳಿಯ ಒಂದು ಕಾರ್ಖಾನೆಯ ನೇಮಕಾತಿ ವಿಭಾಗದಲ್ಲಿದ್ದೇನೆ. ಯಾವುದು ಎಂದು ಕೇಳಬೇಡಿ. ಸೇರಬೇಕೋ ಬೇಡವೋ ಎಂಬುದು ಆಮೇಲೆ. ಆ 19,000ವನ್ನು ಮೊದಲು ಬಿಡಿಸಿ ನೋಡೋಣ. ಏಜೆನ್ಸಿಯವರು ಫೋನಿನಲ್ಲಿ ಹೇಳುವ ಮೊತ್ತ ಸಾಮಾನ್ಯವಾಗಿ ಸಿಟಿಸಿ, ಅಂದರೆ ನಿಮಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ.

ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000, ಇತರ ಭತ್ಯೆ 2,000, ಒಟ್ಟು 16,000 ಎಂದಿಟ್ಟುಕೊಳ್ಳಿ. ಇದರಲ್ಲಿ ನಿಮ್ಮ ಪಿಎಫ್ (ಭವಿಷ್ಯನಿಧಿ) 14,000ದ ಶೇ 12ರಂತೆ 1,680, ಇಎಸ್‌ಐ (ನೌಕರರ ಆರೋಗ್ಯ ವಿಮೆ) 16,000ದ ಶೇ 0.75ರಂತೆ 120 ಕಡಿತವಾಗುತ್ತದೆ. ಉಳಿದದ್ದು 14,200. ಇನ್ನು ಕಂಪನಿ ತನ್ನ ಕಡೆಯಿಂದ ಕಟ್ಟುವ ಪಿಎಫ್, ವಿಮೆ ಮತ್ತು ಆಡಳಿತ ಶುಲ್ಕವೂ ಸೇರಿ, ಶೇ 13ರಂತೆ 1,820. ಇಎಸ್‌ಐ ಶೇ 3.25ರಂತೆ 520. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆಂದು 14,000ದ ಶೇ 4.81ರಂತೆ 673. ಈ ಮೂರನ್ನೂ 16,000ಕ್ಕೆ ಕೂಡಿ, 19,013 ಬರುತ್ತದೆ. ಏಜೆನ್ಸಿಯವರು ಹೇಳಿದ್ದು ಸುಳ್ಳಲ್ಲ, ಆದರೆ ನಿಮ್ಮ ಖಾತೆಗೆ ಬೀಳುವುದು 14,200. ಕ್ಯಾಂಟೀನಿಗೆ, ಬಸ್ಸಿಗೆ ಹಿಡಿಯುವವರಾದರೆ ಅದೂ ಇದರಲ್ಲೇ ಹೋಗುತ್ತದೆ. ಅವರ ಲೆಕ್ಕ ಬೇರೆ ಇರಬಹುದು. ‘ಕೈಗೆ ಎಷ್ಟು ಬರುತ್ತದೆ’ ಎಂದು ನೇರವಾಗಿ ಕೇಳಿ, ಸಂಬಳದ ವಿಂಗಡಣೆಯನ್ನು ಬರಹದಲ್ಲಿ ಕೊಡಿ ಎನ್ನಿ.

ಪಿಎಫ್ ಹಿಡಿಯುತ್ತಾರಲ್ಲ ಎಂದು ಬೇಸರಪಡಬೇಡಿ. ಹಿಡಿಯದಿದ್ದರೆ ಬೇಸರಪಡಿ. ನೀವು ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸ ಮಾಡಿದ್ದೀರಿ ಎಂದು ಯಾರ ಮರ್ಜಿಯೂ ಇಲ್ಲದೆ ತೋರಿಸುವ ದಾಖಲೆ ಅದೊಂದೇ. ಮುಂದಿನ ಕಂಪನಿಯಲ್ಲಿ ನನ್ನಂಥವರು ಮೊದಲು ನೋಡುವುದೂ ಅದನ್ನೇ. ಅಲ್ಲದೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಮೊದಲ ಬಾರಿ ಪಿಎಫ್ ವ್ಯಾಪ್ತಿಗೆ ಬರುವವರಿಗೆ ಕೇಂದ್ರ ಸರ್ಕಾರ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ ಕೊಡುತ್ತದೆ. ಆರು ತಿಂಗಳು ಮುಗಿದ ಮೇಲೆ ಒಂದು ಕಂತು, ವರ್ಷ ಮುಗಿದ ಮೇಲೆ ಇನ್ನೊಂದು. ಪಿಎಫ್ ಕಟ್ಟದ ಕಡೆ ಸೇರಿದರೆ ಇದೂ ಇಲ್ಲ.

ಈಗ ನನ್ನ ಮುಖ್ಯ ಪ್ರಶ್ನೆ. ನೇಮಕಾತಿ ಪತ್ರ ಯಾರ ಲೆಟರ್‌ಹೆಡ್‌ನಲ್ಲಿ ಬರುತ್ತದೆ? ಕಾರ್ಖಾನೆಯದ್ದೋ, ಏಜೆನ್ಸಿಯದ್ದೋ? ಏಜೆನ್ಸಿಯದ್ದಾದರೆ ನೀವು ಗುತ್ತಿಗೆ ನೌಕರರು. ದಿನವಿಡೀ ಕಾರ್ಖಾನೆಯ ಲ್ಯಾಬಿನಲ್ಲೇ ನಿಂತರೂ ಅನುಭವ ಪತ್ರ ಮಾನವ ಸಂಪನ್ಮೂಲ ಪೂರೈಸುವ ಸಂಸ್ಥೆಯದ್ದು, ಅದರಲ್ಲಿ ಲ್ಯಾಬ್ ಎಂಬ ಪದವೂ ಇರುವುದಿಲ್ಲ. ಹುದ್ದೆಯ ಹೆಸರು, ಕೆಲಸದ ಸ್ಥಳ ಪತ್ರದಲ್ಲಿ ಇದ್ದರೆ ಸ್ವಲ್ಪ ವಾಸಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಎಲ್ಲ ನೌಕರರಿಗೂ ನೇಮಕಾತಿ ಪತ್ರ ಕೊಡಲೇಬೇಕು. ‘ಆಮೇಲೆ ಕೊಡುತ್ತೇವೆ’ ಎಂದರೆ ‘ಕೊಟ್ಟ ಮೇಲೆ ಬರುತ್ತೇನೆ’ ಎನ್ನಿ.

ಮೂಲ ಅಂಕಪಟ್ಟಿ ಕೊಡಬೇಡಿ. ತೋರಿಸಿ, ಅವರು ಜೆರಾಕ್ಸ್ ಜೊತೆ ತಾಳೆ ನೋಡಿಕೊಳ್ಳಲಿ, ಅಲ್ಲೇ ವಾಪಸು ತೆಗೆದುಕೊಳ್ಳಿ. ಸಮವಸ್ತ್ರದ 3,500 ಅಂತೂ ಖಂಡಿತ ಕಟ್ಟಬೇಡಿ. ಸೇರುವ ಮುಂಚೆಯೇ ದುಡ್ಡು ಕೇಳುವವರ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಮದ್ದೂರಿನ ಹುಡುಗಿ:

ಸರ್, ತುಂಬಾ ಉಪಕಾರ. ಇವತ್ತು ಫೋನ್ ಮಾಡಿ ಕೇಳಿದೆ. ಕೈಗೆ ‘ಹದಿನಾಲ್ಕು ಚಿಲ್ಲರೆ’ ಎಂದರು. ಪತ್ರ ಏಜೆನ್ಸಿಯದ್ದು. ಅಂಕಪಟ್ಟಿಯ ಮಾತು ತೆಗೆದಾಗ, ‘ನಿಮ್ಮಂಥವರು ನೂರು ಜನ ಸಾಲಿನಲ್ಲಿದ್ದಾರೆ ಮೇಡಂ’ ಎಂದು ಇಟ್ಟುಬಿಟ್ಟರು.

ಕಾರಂಜಿ ಕೆರೆ:

ನೂರು ಜನ ಸಾಲಿನಲ್ಲಿದ್ದರೆ ಅವರಾಗಿಯೇ ನಿಮಗೆ ಏಕೆ ಫೋನ್ ಮಾಡುತ್ತಿದ್ದರು?

ಕಡಕೊಳ ಕ್ಯೂಸಿ:

ಇದೇ ರಸ್ತೆಯ ಒಂದು ಕಾರ್ಖಾನೆಯ ಗುಣಮಟ್ಟ ನಿಯಂತ್ರಣ ವಿಭಾಗದಲ್ಲಿದ್ದೇನೆ. ನಾನೂ ಬಿ.ಎಸ್ಸಿ. ಆಗಿಯೇ ಬಂದವಳು. ಒಂದು ವಿಷಯ ಹೇಳುತ್ತೇನೆ ತಂಗಿ, ಏಜೆನ್ಸಿಗಳನ್ನು ಬಿಟ್ಟು ಕಾರ್ಖಾನೆಗಳ ವಾಕ್‌ ಇನ್‌ಗೆ ನೇರವಾಗಿ ಹೋಗಿ. ಔಷಧ, ಆಹಾರ, ಬಣ್ಣ, ಟೈರು, ಎಲ್ಲದಕ್ಕೂ ಲ್ಯಾಬ್ ಬೇಕು. ನಂಜನಗೂಡು, ಕಡಕೊಳ, ಮೇಟಗಳ್ಳಿ, ಹೆಬ್ಬಾಳ ಸುತ್ತ ಇವೆಲ್ಲವೂ ಇವೆ. ಮೊದಲ ಕೆಲಸ ಸಿಗದಿರುವುದಕ್ಕೆ ಅನುಭವವಿಲ್ಲ ಎಂಬುದೊಂದೇ ಕಾರಣವಲ್ಲ. ಸಂದರ್ಶನಕ್ಕೆ ಬರುವ ಹತ್ತರಲ್ಲಿ ಏಳೆಂಟು ಜನ ಪ್ರಯೋಗಾಲಯದ ಪುಸ್ತಕವನ್ನು ಬಾಯಿಪಾಠ ಹೇಳುತ್ತಾರೆ, ಬ್ಯೂರೆಟ್ (ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ) ಕೈಗೆ ಕೊಟ್ಟರೆ ಹಿಡಿಯಲು ಬರುವುದಿಲ್ಲ.

ನಮ್ಮಲ್ಲಿ ಸಂದರ್ಶನ ಎಂದರೆ ಮೇಜಿನ ಮುಂದೆ ಕೂರಿಸಿ ಕೇಳುವುದು ಕಡಿಮೆ. ಲ್ಯಾಬಿಗೆ ಕರೆದುಕೊಂಡು ಹೋಗಿ, ಪೊಟ್ಯಾಸಿಯಂ ಪರ್ಮಾಂಗನೇಟ್ ತುಂಬಿದ ಬ್ಯೂರೆಟ್ ತೋರಿಸಿ, ಅಂಕ ಓದಿ ಎನ್ನುತ್ತೇವೆ. ಎಲ್ಲರೂ ಬಗ್ಗಿ, ಕಣ್ಣನ್ನು ಸಮಮಟ್ಟಕ್ಕೆ ತಂದು, ಕಾಲೇಜಿನಲ್ಲಿ ಕಲಿತಂತೆ ದ್ರಾವಣದ ಬಾಗಿದ ಮೇಲ್ಮೈಯ ಕೆಳಗಿನ ಅಂಚನ್ನು ಹುಡುಕುತ್ತಾರೆ. ಅಷ್ಟು ಗಾಢ ನೇರಳೆ ಬಣ್ಣದಲ್ಲಿ ಕೆಳಗಿನ ಅಂಚು ಕಾಣುವುದೇ ಇಲ್ಲ, ಮೇಲಿನ ಅಂಚನ್ನೇ ಓದಬೇಕು. ಅದನ್ನು ಹೇಳಿದವರು ನಿಜವಾಗಿ ಟೈಟ್ರೇಷನ್ ಮಾಡಿದವರು. ಆಮೇಲೆ ಒಂದು ಕಾಗದ ಕೊಟ್ಟು ಅಂಕ ಬರೆಯಿರಿ ಎನ್ನುತ್ತೇವೆ. ಬರೆಯುವಾಗ ತಪ್ಪಿದರೆ ಹೇಗೆ ತಿದ್ದುತ್ತಾರೆ ಎಂದು ನೋಡುತ್ತೇವೆ. ಮೇಲೆ ಮೇಲೆ ಗೀಚಿದರೆ, ಬಿಳಿ ಬಣ್ಣ ಕೇಳಿದರೆ ಅಲ್ಲಿಗೆ ಮುಗಿಯಿತು. ಹಳೆಯ ಅಂಕ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಔಷಧ ಕಾರ್ಖಾನೆಯಲ್ಲಿ ಇದು ದೇವರ ಮುಂದಿನ ದೀಪಕ್ಕಿಂತ ದೊಡ್ಡ ನೇಮ. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ, ಆದರೆ ಹೇಳಿಕೊಡಲು ಐದು ನಿಮಿಷ ಸಾಕು.

ನಿಮ್ಮ ರೆಸ್ಯೂಮೆಯಲ್ಲಿ ‘ಕಠಿಣ ಪರಿಶ್ರಮಿ, ತಂಡದಲ್ಲಿ ಬೆರೆಯುವವಳು’ ಎಂದೆಲ್ಲ ಇದ್ದರೆ ತೆಗೆಯಿರಿ. ಯಾವ ಉಪಕರಣ ಮುಟ್ಟಿದ್ದೀರಿ, ಯಾವ ದ್ರಾವಣ ತಯಾರಿಸಿದ್ದೀರಿ, ಅದನ್ನು ಬರೆಯಿರಿ. ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ನೋಡಿಲ್ಲವಾದರೆ ನೋಡಿಲ್ಲ ಎಂದೇ ಹೇಳಿ. ಸುಳ್ಳು ಹೇಳಿದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ರಾತ್ರಿ ಪಾಳಿಯ ಬಗ್ಗೆ ಅಮ್ಮನಿಗೆ ಹೇಳಿ: ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ರಾಜ್ಯ ಸರ್ಕಾರ 2019ರಲ್ಲಿ ಅನುಮತಿ ಕೊಟ್ಟಾಗಲೇ ಲಿಖಿತ ಒಪ್ಪಿಗೆ, ವಾಹನದ ವ್ಯವಸ್ಥೆ ಎಂಬ ಷರತ್ತು ಹಾಕಿದೆ. ಒಪ್ಪಿಗೆ ಕೊಡದಿದ್ದರೆ ಬಲವಂತ ಮಾಡುವಂತಿಲ್ಲ. ಕಾಗದದಲ್ಲಿ ಹೀಗಿದೆ. ನಿಜದಲ್ಲಿ ಹೇಗಿದೆ ಎಂದು ಅಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳನ್ನು ಕೇಳಿ, ಬಸ್ ನಿಲ್ಲುವ ಕಡೆ ನಿಂತರೆ ಯಾರಾದರೂ ಸಿಗುತ್ತಾರೆ.

ತಗ್ಗಹಳ್ಳಿ ರೈತ:

ನನ್ನ ಮಗನೂ ಡಿಗ್ರಿ ಮಾಡಿ ಮನೆಯಲ್ಲಿದ್ದಾನೆ. ಕಟಾವಿಗೆ ಬಂದ ಕಬ್ಬು ಗದ್ದೆಯಲ್ಲೇ ನಿಂತರೆ ದಿನ ಕಳೆದಂತೆ ತೂಕ ಇಳಿಯುತ್ತದೆ, ಹುಡುಗರದ್ದೂ ಹಾಗೆಯೇ ಆಗಿದೆ. ಊರಿನಲ್ಲಿ ಯಾರಾದರೂ ‘ಮಗ ಏನು ಮಾಡುತ್ತಿದ್ದಾನೆ’ ಎಂದರೆ ‘ಓದುತ್ತಿದ್ದಾನೆ’ ಎನ್ನುತ್ತೇನೆ. ಓದುತ್ತಿದ್ದಾನೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ, ಕೇಳಿದರೆ ಸಿಟ್ಟು ಮಾಡುತ್ತಾನೆ. ಕಡಕೊಳದ ಮೇಡಂ ಬರೆದದ್ದನ್ನು ಅವನಿಗೆ ಕಳುಹಿಸಿದ್ದೇನೆ. ಬಿ.ಎ. ಆದವರಿಗೂ ಇಂಥದ್ದು ಏನಾದರೂ ಇದ್ದರೆ ಬರೆಯಿರಿ.

ಕೆಆರ್‌ಎಸ್ ರಸ್ತೆ:

ಎಲ್ಲರೂ ಕಾರ್ಖಾನೆ, ಲ್ಯಾಬ್ ಎನ್ನುತ್ತಿದ್ದೀರಿ. ಆರು ತಿಂಗಳು ಪೈಥಾನ್, ಡೇಟಾ ಅನಾಲಿಟಿಕ್ಸ್ ಕಲಿತು ಐಟಿಗೆ ಹೋಗಬಾರದೇ? ಮೈಸೂರಿನಲ್ಲೇ ಇಷ್ಟು ದೊಡ್ಡ ಕ್ಯಾಂಪಸ್‌ಗಳಿವೆ.

ಮಂಡ್ಯದ ಮೆಕ್ಯಾನಿಕಲ್:

ಕಲಿಯಬಹುದು, ಬೇಡ ಎನ್ನುವುದಿಲ್ಲ. ಆದರೆ ಐಟಿಗೆ ಆಯ್ಕೆಯಾದರೆ ದಡ ಸೇರಿದಂತೆ ಎಂದು ಯಾರಿಗೂ ಆಸೆ ಹುಟ್ಟಿಸಬೇಡಿ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಕಳುಹಿಸಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಆಂತರಿಕ ಪರೀಕ್ಷೆಯನ್ನು ಮೂರು ಅವಕಾಶಗಳಲ್ಲೂ ದಾಟಲಾಗಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. 2022ರಲ್ಲಿ ಆಯ್ಕೆಯಾಗಿ, ಎರಡು ವರ್ಷ ಕಾದು, 2024ರ ಕೊನೆಯಲ್ಲಿ ಸೇರಿದವರು ಅವರಲ್ಲಿದ್ದರು. ಪದವಿಯ ನಂತರದ ಎರಡು ವರ್ಷ ಒಂದು ಇಮೇಲ್‌ಗೆ ಕಾಯುವುದರಲ್ಲಿ ಹೋಯಿತಲ್ಲ, ನನಗೆ ಕಹಿ ಎನಿಸಿದ್ದು ಅದು.

ನಾನು ಮಂಡ್ಯದಲ್ಲೇ ಎಂಜಿನಿಯರಿಂಗ್ ಓದಿದವನು. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಪಾಸ್ ಮಾಡಿಸಿಕೊಂಡು ದಿನಾ ಬೆಂಗಳೂರಿಗೆ ಹೋಗಿಬರುತ್ತೇನೆ. ಹೋಗುವಾಗ ಒಂದು ನಿದ್ದೆ, ಬರುವಾಗ ಒಂದು ನಿದ್ದೆ. ಮೊದಲ ಕೆಲಸ ಕೊಡಿಸಿದ್ದು ಆ ಬೋಗಿಯೇ. ನಿತ್ಯ ಎದುರು ಕೂರುವವರೊಬ್ಬರು ತಮ್ಮ ಕಾರ್ಖಾನೆಯಲ್ಲಿ ಒಂದು ಜಾಗ ಖಾಲಿಯಾದಾಗ ಹೇಳಿದರು. ಜಾಹೀರಾತು ಬರುವ ಮುಂಚೆಯೇ ತುಂಬುವ ಜಾಗಗಳು ಬಹಳ. ಇದು ನ್ಯಾಯವಲ್ಲ, ಆದರೆ ನಡೆಯುವುದು ಹೀಗೆ. ರೂಮಿನಲ್ಲಿ ಕುಳಿತು ಪೋರ್ಟಲ್‌ಗಳಿಗೆ ರೆಸ್ಯೂಮೆ ಕಳುಹಿಸುತ್ತಲೇ ಇದ್ದರೆ ಈ ಸುದ್ದಿ ಕಿವಿಗೆ ಬೀಳುವುದೇ ಇಲ್ಲ.

ಉದ್ಯೋಗ ಖಚಿತ:

(ಈ ಬರಹವನ್ನು ನಿರ್ವಾಹಕರು ತೆಗೆದಿದ್ದಾರೆ)

ನಿರ್ವಾಹಕರು:

‘ವಿಧಾನಸೌಧದಲ್ಲಿ ನಮ್ಮವರಿದ್ದಾರೆ, ಅರ್ಧ ಮುಂಗಡ, ಅರ್ಧ ಆದೇಶ ಬಂದ ಮೇಲೆ’ ಎಂಬಂಥ ಬರಹ ಇನ್ನೊಮ್ಮೆ ಬಂದರೆ ದೂರವಾಣಿ ಸಂಖ್ಯೆಯ ಸಮೇತ ಪೊಲೀಸರಿಗೆ ಕೊಡುತ್ತೇವೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಏನಾಯಿತು ಎಂದು ಎಲ್ಲರಿಗೂ ನೆನಪಿದೆ. ಅಕ್ರಮ ಬಯಲಾಗಿ, ದುಡ್ಡು ಕೊಡದವರೂ 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಯಿತು.

ನಿವೃತ್ತ ಉಪನ್ಯಾಸಕ:

ತಗ್ಗಹಳ್ಳಿಯವರ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬಿ.ಎ., ಬಿ.ಕಾಂ. ಮಕ್ಕಳು ಅಪ್ರೆಂಟಿಸ್‌ಶಿಪ್ ಎಂದರೆ ಐಟಿಐ ಹುಡುಗರಿಗೆ ಮಾತ್ರ ಎಂದು ತಿಳಿದಿದ್ದಾರೆ. ಹಾಗಲ್ಲ. ಕೇಂದ್ರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ) ಯೋಜನೆಯಲ್ಲಿ ಯಾವ ಪದವಿಯವರಾದರೂ ನೋಂದಾಯಿಸಬಹುದು. ಒಂದು ವರ್ಷ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ನಿಗದಿಯಾಗಿತ್ತು, ಅದರಲ್ಲಿ ಅರ್ಧದಷ್ಟನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಬ್ಯಾಂಕುಗಳೂ ಸಾರ್ವಜನಿಕ ವಲಯದ ಕಂಪನಿಗಳೂ ತೆಗೆದುಕೊಳ್ಳುತ್ತವೆ. ದುಡ್ಡು ಕಡಿಮೆ, ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಟ್ಟುಪಾಡೂ ಇಲ್ಲ. ಆದರೆ ‘ಅನುಭವ ಎಲ್ಲಿ’ ಎಂದು ಕೇಳುವವರ ಮುಂದೆ ಇಡಲು ಒಂದು ಪ್ರಮಾಣಪತ್ರ ಸಿಗುತ್ತದೆ. ಅಪ್ರೆಂಟಿಸ್ ಭತ್ಯೆ ಪಡೆಯುವಾಗ ಯುವನಿಧಿ ಪಡೆಯುವಂತಿಲ್ಲ ಎಂಬುದು ನೆನಪಿರಲಿ.

ಬ್ಯಾಂಕ್ ಪರೀಕ್ಷೆಗೆ ಇಂಗ್ಲಿಷ್ ಬೇಕು ಎಂದು ಹೆದರಿ ಬಿಟ್ಟವರಿಗೆ ಒಂದು ಮಾತು. ಗ್ರಾಮೀಣ ಬ್ಯಾಂಕ್ ಮತ್ತು ಕ್ಲರ್ಕ್ ಹುದ್ದೆಗಳ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಇದು ಗೊತ್ತಿಲ್ಲದವರೇ ಹೆಚ್ಚು. ಪಿಡಿಒ, ಎಸ್‌ಡಿಎ, ಪೊಲೀಸ್ ಬಿಟ್ಟರೆ ಸರ್ಕಾರಿ ಕೆಲಸವೇ ಇಲ್ಲ ಎಂಬಂತೆ ಎಲ್ಲರೂ ಒಂದೇ ಬಾಗಿಲಿನ ಮುಂದೆ ನಿಲ್ಲುತ್ತಾರೆ. ಮುಕ್ತಗಂಗೋತ್ರಿಯಲ್ಲಿ ಮುಕ್ತ ವಿಶ್ವವಿದ್ಯಾನಿಲಯದವರೇ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ನಡೆಸುತ್ತಾರೆ, ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ಮುಂಚೆ ಒಮ್ಮೆ ವಿಚಾರಿಸಿ.

ತಗ್ಗಹಳ್ಳಿ ರೈತ:

ನ್ಯಾಟ್ಸ್ ಎಂದು ಬರೆದಿಟ್ಟುಕೊಂಡೆ. ನಮಸ್ಕಾರ ಮೇಷ್ಟ್ರೇ.

ಗ್ರಂಥಾಲಯದ ಕೊನೆಯ ಬೆಂಚು:

ಉಪನ್ಯಾಸಕರ ಮಾತು ಒಪ್ಪುತ್ತೇನೆ. ಆದರೂ ನನ್ನ ವಾದ ಬಿಡುವುದಿಲ್ಲ. ಮನೆಯಲ್ಲಿ ನಾಲ್ಕು ಎಕರೆ ನೀರಾವರಿ ಇರುವವರು ಓದಬಹುದು, ಇಲ್ಲದವರು 14,200ಕ್ಕೆ ದುಡಿಯಬೇಕು ಎಂದಾದರೆ ಸರ್ಕಾರಿ ಕೆಲಸ ಯಾರ ಪಾಲಿಗೆ ಹೋಗುತ್ತದೆ ಹೇಳಿ. ಯುವನಿಧಿ ಎರಡು ವರ್ಷ ಇರುವುದು ಆ ವ್ಯತ್ಯಾಸವನ್ನು ಸ್ವಲ್ಪ ಕಡಿಮೆ ಮಾಡಲು. ಅದನ್ನು ಓದಿಗೆ ಬಳಸಿಕೊಳ್ಳುವುದು ಸೋಮಾರಿತನವಲ್ಲ.

ಹೂಟಗಳ್ಳಿ ನೇಮಕಾತಿ:

ಈ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವುದಿಲ್ಲ. ಆದರೆ ನನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಪದವಿಯ ನಂತರ ಮೂರು ನಾಲ್ಕು ವರ್ಷ ಖಾಲಿ ಇರುವವರನ್ನು ಮೇಲಿನವರು ಹೊಸಬರ ಪಟ್ಟಿಗೂ ಸೇರಿಸುವುದಿಲ್ಲ, ಅನುಭವಿಗಳ ಪಟ್ಟಿಗೂ ಸೇರಿಸುವುದಿಲ್ಲ. ನಾನು ವಾದಿಸಿ ಸೋತಿದ್ದೇನೆ. ಅದಕ್ಕೇ ಕೆಲಸಕ್ಕೆ ಸೇರಿ ಎನ್ನುವುದು, ಆದರೆ ಪಾಳಿ ಬದಲಾಗದ ಕೆಲಸ ಹುಡುಕಿ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಐದೂವರೆಗೆ ಬರುವ ಜನರಲ್ ಶಿಫ್ಟ್ ಇರುವ ಲ್ಯಾಬ್‌ಗಳೂ ಇವೆ, ಸಂಬಳ ಒಂದೆರಡು ಸಾವಿರ ಕಡಿಮೆ ಇರಬಹುದು. ಆ ಎರಡು ಸಾವಿರವನ್ನು ಪರೀಕ್ಷೆಯ ಶುಲ್ಕ ಎಂದುಕೊಳ್ಳಿ.

ಮದ್ದೂರಿನ ಹುಡುಗಿ:

ಎಲ್ಲರಿಗೂ ಧನ್ಯವಾದ. ಏಜೆನ್ಸಿಗೆ ಬರುವುದಿಲ್ಲ ಎಂದು ಹೇಳಿದೆ. ಕಡಕೊಳದ ಅಕ್ಕ ಖಾಸಗಿ ಸಂದೇಶದಲ್ಲಿ ಎರಡು ಕಾರ್ಖಾನೆಗಳ ವಾಕ್‌ ಇನ್ ವಿವರ ಕಳುಹಿಸಿದ್ದಾರೆ. ಒಂದು ಈ ಗುರುವಾರ. ಆ ಕಾರ್ಖಾನೆಯ ಪತ್ರ ಅವರದ್ದೇ ಅಂತೆ, ಮೊದಲ ಆರು ತಿಂಗಳು ಜನರಲ್ ಶಿಫ್ಟ್. ಆದರೆ ಎರಡು ವರ್ಷದ ಬಾಂಡ್ ಇದೆಯಂತೆ, ನಡುವೆ ಬಿಟ್ಟರೆ ದುಡ್ಡು ಕಟ್ಟಬೇಕು. ಅದರ ನಡುವೆ ಸರ್ಕಾರಿ ಕೆಲಸ ಸಿಕ್ಕರೆ ಏನು ಮಾಡುವುದು?

ಹೂಟಗಳ್ಳಿ ನೇಮಕಾತಿ:

ಬಾಂಡ್ ಎಂದ ಕೂಡಲೇ ಕಾನೂನುಬಾಹಿರ ಎಂದು ಹೇಳುವವರನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಒಂದು ಸಾರ್ವಜನಿಕ ವಲಯದ ಬ್ಯಾಂಕ್ ಹಾಕಿದ್ದ ಕನಿಷ್ಠ ಸೇವಾವಧಿಯ ಷರತ್ತನ್ನೂ ಬಿಟ್ಟುಹೋದರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬುದನ್ನೂ ಎತ್ತಿಹಿಡಿದಿದೆ. ನಿಮ್ಮದು ಖಾಸಗಿ, ಸಂದರ್ಭ ಬೇರೆ. ಆದ್ದರಿಂದ ಮೊತ್ತ ಎಷ್ಟು, ಯಾವ ತರಬೇತಿಗೆ ಎಂದು ಬರೆದಿದ್ದಾರೆ, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ ಎಂದು ಓದಿ. ಒಂದು ತಿಂಗಳ ಸಂಬಳದಷ್ಟಾದರೆ ನಾನಾಗಿದ್ದರೆ ಸಹಿ ಹಾಕುತ್ತಿದ್ದೆ. ಮೊತ್ತದ ಜಾಗ ಖಾಲಿ ಬಿಟ್ಟಿದ್ದರೆ ಮಾತ್ರ ಸಹಿ ಹಾಕಬೇಡಿ, ಖಾಲಿ ಚೆಕ್ ಕೇಳಿದರೂ ಕೊಡಬೇಡಿ.

ಕಡಕೊಳ ಕ್ಯೂಸಿ:

ಗುರುವಾರ ಎಂಟೂವರೆಯೊಳಗೆ ಗೇಟಿನ ಬಳಿ ಇರಿ, ಮೈಸೂರಿನಿಂದ ಬರುವ ಬಸ್ಸುಗಳು ಆ ಹೊತ್ತಿಗೆ ತುಂಬಿರುತ್ತವೆ. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿಕೊಳ್ಳಿ. ಇಲ್ಲದಿದ್ದರೆ ಲ್ಯಾಬಿನೊಳಗೆ ಬಿಡುವುದಿಲ್ಲ. ಬಳೆ, ಉಂಗುರ ರೂಮಿನಲ್ಲೇ ಬಿಟ್ಟು ಬನ್ನಿ. 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹೇಗೆ ತಯಾರಿಸುತ್ತೀರಿ, ಯಾವುದರ ಜೊತೆ ತಾಳೆ ನೋಡುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ. ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್, ಫಿನಾಲ್ಫ್ತಲೀನ್ ಸೂಚಕ. ಬುಧವಾರ ರಾತ್ರಿ ಒಮ್ಮೆ ನೋಡಿಕೊಳ್ಳಿ.

ಮಳವಳ್ಳಿ ಬಿ.ಕಾಂ.:

ನಾನು 2025ರಲ್ಲಿ ಮುಗಿಸಿದವನು. ಟ್ಯಾಲಿ, ಜಿಎಸ್‌ಟಿ ಕಲಿತಿದ್ದೇನೆ. ಮೈಸೂರಿನ ಒಬ್ಬ ಆಡಿಟರ್ ಕಚೇರಿಯಲ್ಲಿ 8,000ಕ್ಕೆ ಕರೆಯುತ್ತಿದ್ದಾರೆ, ಪಿಎಫ್ ಇಲ್ಲ ಎನ್ನುತ್ತಾರೆ. ಹೋಗಬಹುದೇ?

ಹೂಟಗಳ್ಳಿ ನೇಮಕಾತಿ:

ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ. ಎಷ್ಟು ಜನ ಕೆಲಸ ಮಾಡುವ ಕಚೇರಿ ಎಂಬುದನ್ನು ಮರೆಯದೆ ಹಾಕಿ. 20 ಜನಕ್ಕಿಂತ ಕಡಿಮೆ ಇದ್ದರೆ ಪಿಎಫ್ ಕಡ್ಡಾಯವಲ್ಲ.